ಕಡೆಯ ಮಾತಿನ ಜಾಗ

ನಮ್ಮ ಅಜ್ಜ ಹದಿನೆಂಟು ವರ್ಷ ಇಸ್ಪೀಟಿನಲ್ಲಿ ಸೋತ. ಅವನ ಹೆಸರೂ ಅಜ್ಜಪ್ಪನೇ. ಸವಣೂರಿನ ವೀಳ್ಯದೆಲೆ ಪೇಟೆಯಲ್ಲಿ ಅವನು ಕಟ್ಟಿದ ಎಲೆಯ ಪೆಂಡಿಯನ್ನು ಯಾರೂ ಬಿಚ್ಚಿ ಎಣಿಸುತ್ತಿರಲಿಲ್ಲ, ಅಷ್ಟು ನಂಬಿಕೆ. ಅಂಥವನು ಅಮಾವಾಸ್ಯೆಗೊಮ್ಮೆ ತನ್ನ ಮನೆಯ ಪಡಸಾಲೆಯಲ್ಲಿ, ತನ್ನ ಕಂಬಕ್ಕೆ ಒರಗಿ ಕೂತು, ತನ್ನ ಸೊಸೆಯ ಕೈಯಲ್ಲಿ ಸೋಲುತ್ತಿದ್ದ. ಹೋಗುತ್ತಿದ್ದದ್ದು ಬರೀ ಹುಣಸೆ ಬೀಜ ಅನ್ನಿ. ಆದರೆ ಸೋತವನ ಮುಖ ಬೀಜಕ್ಕೂ ಅಷ್ಟೇ, ಬಂಗಾರಕ್ಕೂ ಅಷ್ಟೇ.

ಅಮಾವಾಸ್ಯೆಯ ದಿನ ನಮ್ಮಲ್ಲಿ ತೋಟದ ಎಲೆ ಕೊಯ್ಯುವುದಿಲ್ಲ. ಕಡುಬು ತಿಂದು, ಚಾಪೆ ಹಾಸಿ, ಮನೆಮಂದಿಯೆಲ್ಲ ಆಟಕ್ಕೆ ಕೂಡುವುದು ಪದ್ಧತಿ. ಮೊದಲು ಮೂರೆಲೆ ಆಡುತ್ತಿದ್ದರು. ಮೂರು ವರ್ಷದ ಹಿಂದೆ ನನ್ನ ಕಾಕಾ, ಅಂದರೆ ಅಪ್ಪನ ತಮ್ಮ ಚನ್ನೇಶ, ಫೋನಿನಲ್ಲಿ ಪೋಕರ್ ಕಲಿತು ಎಲ್ಲರಿಗೂ ಕಲಿಸಿದ. ಕೈಯಲ್ಲಿ ಎರಡು ಎಲೆ, ಚಾಪೆಯ ಮೇಲೆ ಎಲ್ಲರಿಗೂ ಸೇರಿ ಐದು. ಅಜ್ಜ ಅದಕ್ಕೆ ಏಳೆಲೆ ಎಂದು ನಾಮಕರಣ ಮಾಡಿದ. ಆಟ ಹೊಸದಾದರೂ ಕೂಡುವ ಸಾಲು ಮಾತ್ರ ಹಳೆಯದೇ ಉಳಿಯಿತು. ಹಿರಿಯ ಮೊದಲು ಮಾತಾಡಬೇಕು, ಉಳಿದವರು ಅವನ ಹಿಂದೆ. ಕಂಬದ ಹತ್ತಿರ ಅಜ್ಜ, ಪಕ್ಕದಲ್ಲಿ ಅವನ ಹೆಂಡತಿ, ಅಂದರೆ ನಮ್ಮ ಆಯಿ ಹೊನ್ನವ್ವ, ಆಮೇಲೆ ನಮ್ಮಪ್ಪ ಲೋಹಿತ, ಆಮೇಲೆ ಕಾಕಾ, ಕಟ್ಟಕಡೆಗೆ ನಮ್ಮವ್ವ ಸುಧಾರಾಣಿ. ಅವ್ವ ಕಾಕಾನಿಗಿಂತ ಹತ್ತು ವರ್ಷ ದೊಡ್ಡವಳು. ಆದರೇನು, ಹೊರಗಿನಿಂದ ಬಂದವಳು, ನಡುನಡುವೆ ಎದ್ದು ಚಹಾ ತರಬೇಕಾದವಳು, ಹಾಗಾಗಿ ಅಡುಗೆಮನೆ ಬಾಗಿಲ ಜಾಗ ಅವಳದು. ಎಲೆ ಹಂಚುವುದು ನಾನು, ಶ್ವೇತಾ, ಪಿಯುಸಿ ಎರಡನೇ ವರ್ಷ.

ಅಜ್ಜನ ಇನ್ನೊಂದು ನಿಯಮವಿತ್ತು. ಬೀಜ ಇಡದ ಮಾತು ಮಾತಲ್ಲ. ಬಾಯಲ್ಲಿ ಹತ್ತು ಎಂದವನ ಕೈಯಲ್ಲಿ ಎಂಟೇ ಬೀಜ ಇದ್ದರೆ ಅಜ್ಜ ಅವನನ್ನು ಆ ಆಟದಿಂದ ಎಬ್ಬಿಸುತ್ತಿದ್ದ. ನಮ್ಮಪ್ಪನನ್ನು ಹಾಗೆ ಎರಡು ಸಲ ಎಬ್ಬಿಸಿದ್ದನ್ನು ನಾನೇ ನೋಡಿದ್ದೇನೆ.

ಜಗಳಕ್ಕೆ ಕಾರಣವಾದದ್ದು ಮನೆಯ ಮುಂದಿನ ಕೋಣೆ. ಬಸ್ ಸ್ಟ್ಯಾಂಡ್ ರಸ್ತೆಗೆ ಬಾಗಿಲಿರುವ ಆ ಕೋಣೆಯಲ್ಲಿ ಉಸ್ಮಾನಸಾಬರು ಇಪ್ಪತ್ತೆರಡು ವರ್ಷ ಬಟ್ಟೆ ಹೊಲಿದರು. ಒಂದು ಅಮಾವಾಸ್ಯೆಯ ಬೆಳಿಗ್ಗೆ ಬಂದು ಅಜ್ಜನ ಕೈಯಲ್ಲಿ ಕೀಲಿ ಇಟ್ಟರು.

"ಸೂಜಿಗೆ ದಾರ ಪೋಣಸಾಕ ಕಣ್ಣ ಸಾಥ್ ಕೊಡವಲ್ವು ಅಜ್ಜಪ್ಪನವ್ರ. ಸಾಕ ಮಾಡ್ತೇನ್ರಿ."

ಅವರು ಚಹಾ ಕುಡಿದು ಹೋದರು. ಮಧ್ಯಾಹ್ನ ಗಂಡಸರು ಊಟಕ್ಕೆ ಕೂತಾಗ ಕೀಲಿ ಅಜ್ಜನ ತಾಟಿನ ಪಕ್ಕದಲ್ಲೇ ಇತ್ತು. ಕಾಕಾ ಬದನೆಕಾಯಿ ಎಣ್ಣೆಗಾಯಿಗೆ ಕೈ ಹಾಕುವ ಮೊದಲೇ ಬಾಯಿ ಹಾಕಿದ.

"ಅಪ್ಪಾ, ಆ ಕೋಣಿ ನನಗ ಕೊಡು. ಶಿಗ್ಗಾವಿ ನನ್ನ ದೋಸ್ತ ಸುದೀಪ ಮೊಬೈಲ್ ಅಂಗಡಿ ಹಾಕೋಣ ಅನ್ನಾಕತ್ತಾನ. ಮಾಲು ಅವಂದು, ಜಾಗಾ ನಮ್ದು."

ಅವ್ವ ಬಡಿಸುತ್ತಿದ್ದಳು. ಕೈಯಲ್ಲಿ ಬಿಸಿ ರೊಟ್ಟಿ ಹಿಡಿದೇ ನಿಂತು ಹೇಳಿದಳು: "ಮಾವಾರ, ಆ ಕೋಣಿ ನನಗೂ ಬೇಕ್ರಿ."

ಎಲ್ಲರೂ ತಾಟಿನಿಂದ ತಲೆ ಎತ್ತಿದರು. ಅವ್ವ ಈ ಮನೆಯಲ್ಲಿ ಏನನ್ನಾದರೂ ಬೇಕು ಎಂದದ್ದು ನಾನು ಕೇಳಿದ್ದು ಅದೇ ಮೊದಲು.

ಅವಳು ಬೇಕು ಎಂದದ್ದಕ್ಕೆ ಕಾರಣ ಹಿತ್ತಲಲ್ಲಿತ್ತು. ಎರಡು ವರ್ಷದಿಂದ ಅಲ್ಲಿ ತಗಡಿನ ಶೆಡ್ಡಿನಲ್ಲಿ ಅವ್ವ, ಓಣಿಯ ನಾಗವ್ವ, ಉಸ್ಮಾನಸಾಬರ ಸೊಸೆ ದಿಲ್ಶಾದ, ಮೂವರೂ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದರು. ಹಿಂದಿನ ಮನೆಯವರು ಹೊಗೆಯ ತಕರಾರು ತೆಗೆದಾಗ, ಯುಗಾದಿಯೊಳಗೆ ಶೆಡ್ಡು ತೆಗೆಸುತ್ತೇನೆಂದು ಅಜ್ಜ ಅವರಿಗೆ ಮಾತು ಕೊಟ್ಟುಬಿಟ್ಟಿದ್ದ. ಮುಂದಿನ ಕೋಣೆ ಸಿಕ್ಕರೆ ಗ್ಯಾಸಿನ ಒಲೆ ಹೂಡಿ ಕೆಲಸ ನಡೆಸಬಹುದು. ಸಿಗದಿದ್ದರೆ ಮೂವರ ಒಲೆಯೂ ಆರಿದಂತೆಯೇ.

"ಅಜ್ಜಪ್ಪನ ಸೊಸಿ ರಸ್ತಾದಾಗ ಕುಂತು ರೊಟ್ಟಿ ಮಾರ್ತಾಳಂದ್ರ ಮಂದಿ ಏನಂದಾರು?" ಎಂದಳು ಆಯಿ.

"ಹಿತ್ತಲದಾಗ ಮಾರಿದ್ರ ಏನೂ ಅನ್ನಂಗಿಲ್ಲೇನ್ರಿ ಅತ್ತಿ? ರೊಟ್ಟಿ ಅದಽ, ಕೈಯೂ ಅವಽ."

"ವೈನಿ, ರೊಟ್ಟಿ ವ್ಯಾಪಾರ ಏನ್ ವ್ಯಾಪಾರರೀ," ಎಂದು ಕಾಕಾ ಅತ್ತಿಗೆಯ ಕಡೆ ನೋಡಿ ನಕ್ಕ.

"ತಾಟಿನ್ಯಾಗ ಏನೈತಿ ನೋಡಿ ನಗು ಚನ್ನೇಶ," ಎಂದು ಅವ್ವ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಅಜ್ಜ ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡ. ಪೇಟೆಯ ಲಿಲಾವಿನಲ್ಲಿ, ಅಂದರೆ ಹರಾಜಿನಲ್ಲಿ, ಬೆಳೆದ ಮನುಷ್ಯ, ಅವನಿಗೆ ಹೊಳೆಯುವುದೂ ಲಿಲಾವೇ. "ಇಬ್ಬರಿಗೂ ಬೇಕಂತೀರಿ. ಮುಂದಿನ ಅಮಾಸಿಗೆ ಚಾಪಿ ಮ್ಯಾಲ ಕುಂದ್ರೋಣ. ತಿಂಗಳಿಗೆ ಮನಿಗೆ ಎಷ್ಟು ಕೊಡ್ತೀರಿ, ಒಬ್ಬೊಬ್ರು ಒಂದ ಮಾತು ಹೇಳ್ರಿ. ತಿರುಗಿ ಹೆಚ್ಚಸೂದಿಲ್ಲ. ಹೆಚ್ಚಿಗಿ ಅಂದವ್ರಿಗೆ ಮೂರು ವರ್ಷ ಕೋಣಿ."

ಅಲ್ಲಿಗೆ ಮಾತು ಮುಗಿಯಬೇಕಿತ್ತು. ಆದರೆ ಆ ಮಧ್ಯಾಹ್ನದ ಆಟ ಬಾಕಿಯಿತ್ತಲ್ಲ.

ನಾನು ಎಲೆ ಹಂಚಿದೆ. ಅಜ್ಜ ಮೊದಲು ನಾಲ್ಕು ಬೀಜ ಇಟ್ಟ. ಆಯಿ ಎಲೆ ಕೆಳಗೆ ಹಾಕಿದಳು. ಅಪ್ಪ ಮೂರು ಸಲ ಎಲೆ ನೋಡಿ, ತಲೆ ಕೆರೆದು, ನಾಲ್ಕು ಇಟ್ಟ. ಕಾಕಾ ಕೆಳಗೆ ಹಾಕಿದ. ಅವ್ವ ಹನ್ನೆರಡು ಇಟ್ಟಳು. ಅಜ್ಜ ಗೊಣಗುತ್ತ ಎಲೆ ಬಿಸಾಕಿದ, ಅಪ್ಪನೂ ಬಿಸಾಕಿದ, ಅವ್ವ ಬೀಜ ಬಳಿದುಕೊಂಡಳು. ಕಾಕಾ ತಟ್ಟನೆ ಬಗ್ಗಿ ಅವಳ ಎರಡು ಎಲೆ ತಿರುವಿ ಹಾಕಿದ. ಎರಡು ಮತ್ತು ಏಳು, ಬಣ್ಣವೂ ಕೂಡಿರಲಿಲ್ಲ. ಆ ಆಟದಲ್ಲಿ ಅದಕ್ಕಿಂತ ದರಿದ್ರ ಎಲೆ ಬೇರೆ ಇಲ್ಲ.

"ನೋಡಪ್ಪಾ," ಎಂದ ಕಾಕಾ. "ಕೈಯಾಗ ಏನೂ ಇಲ್ಲ. ನೀ ನಾಕಽ ಇಟ್ಟಿ, ಅಣ್ಣ ಅಂಜಿಕೋತ ಇಟ್ಟ, ನಾವಿಬ್ರೂ ಬಿಟ್ವಿ. ಎಲ್ಲಾ ನೋಡಿ ಆಮ್ಯಾಲ ವೈನಿ ಹನ್ನೆರಡು ಇಟ್ರು. ಇದು ನಸೀಬಲ್ಲ, ಜಾಗಾ. ಪೋಕರಿನ್ಯಾಗ ಇದಕ್ಕ ಪೊಜಿಶನ್ ಅಂತಾರ. ಕಡೀಕ ಮಾತಾಡಾವ ರಾಜಾ. ಅದಕ್ಕಽ ಅಲ್ಲಿ ಡೀಲರ್ ಬಿಲ್ಲಿ ಅಂತ ಒಂದು ದುಂಡನ ಗುರುತು ಇರತೈತಿ, ಆಟಕ್ಕೊಮ್ಮೆ ಒಂದು ಜಾಗಾ ಸರೀತೈತಿ, ಎಲ್ಲಾರಿಗೂ ಕಡೀ ಮಾತು ಸಿಗತೈತಿ. ನಮ್ಮನ್ಯಾಗ ಆ ಬಿಲ್ಲಿ ಹದಿನೆಂಟು ವರ್ಷದಿಂದ ಅಡಗಿಮನಿ ಬಾಗಲದಾಗ ಜಾಮ್ ಆಗೇತಿ."

ಅಜ್ಜ ಅವ್ವನ ಕಡೆ ತಿರುಗಿದ. "ಖರೇನ ಸುಧಾ?"

"ಖರೇ ಐತ್ರಿ ಮಾವಾರ. ನೀವು ಮೊದಲ ಹೇಳ್ತೀರಿ, ನಾ ಕೇಳ್ತೇನಿ. ನಿಮ್ಮ ದನಿ ಸಣ್ಣಾದ್ರ ಎಲಿ ಸಣ್ಣದೈತಿ ಅಂತ ಗೊತ್ತಾಗತೈತಿ. ಆ ಜಾಗಾ ನಾ ಕೇಳಿದ್ದಲ್ರಿ. ನೀವ ಕುಂದ್ರಿಸಿದ್ದು."

"ಹದಿನೆಂಟು ವರ್ಷ ನನ್ನ ದನಿ ಕೇಳಿ ನನ್ನ ಬೀಜ ತಿಂದಿ."

"ಹದಿನೆಂಟು ವರ್ಷ ಚಾ ಸುದ್ದಾ ತಂದೇನ್ರಿ."

ಅಜ್ಜನ ಕಿವಿ ಕೆಂಪಾದವು. ಹಿರಿತನವೆಂದು ತಾನೇ ಹಿಡಿದಿದ್ದ ಜಾಗ ಆಟದಲ್ಲಿ ಎಲ್ಲಕ್ಕಿಂತ ಕೆಟ್ಟ ಜಾಗವೆಂದು ಎಪ್ಪತ್ತೆರಡರಲ್ಲಿ ತಿಳಿದರೆ ಯಾರಿಗೆ ಸಿಟ್ಟು ಬಾರದು? ಚಾಪೆ ಬಡಿದು ಹೇಳಿದ: "ಕೋಣಿ ಮಾತಿನ್ಯಾಗ ಸಾಲು ತಿರುಗಲಿ. ಸುಧಾ ಮೊದಲ ಹೇಳಬೇಕು. ಚನ್ನೇಶ ಕಡೀಕ."

"ಅಪ್ಪಾ, ಹಂಗಾದ್ರ ಅವ ಆಕಿ ಅಂದದ್ದಕ್ಕ ನೂರು ಕೂಡಿಸಿದ್ರ ಮುಗೀತಲ್ಲ," ಎಂದ ಅಪ್ಪ. "ಇದೆಲ್ಲಿ ನ್ಯಾಯ?"

"ಇಷ್ಟ ದಿನ ನನಗೆಲ್ಲಿತ್ತು?" ಎಂದ ಅಜ್ಜ.

ನನಗೆ ಅಳು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಅವ್ವ ಮಾತ್ರ ಬೀಜಗಳನ್ನು ಡಬ್ಬಿಗೆ ತುಂಬಿ ಮುಚ್ಚಳ ಹಾಕಿದಳು. "ಆಗ್ಲಿ ಮಾವಾರ. ಮೊದಲ ನಾ ಹೇಳ್ತೇನಿ. ಆದ್ರ ಉಳಿದ ಪದ್ಧತಿ ಇದ್ದಂಗಽ ಇರಬೇಕು. ಒಂದೂ ಬದಲಾಗಬಾರದು."

"ನನ್ನ ಚಾಪಿ ಮ್ಯಾಲ ಪದ್ಧತಿ ಎಂದಾದ್ರೂ ಬದಲಾಗೇತೇನು?" ಎಂದು ಅಜ್ಜ ಎದ್ದು ಹೋದ.

ಮರುದಿನದಿಂದ ಅವ್ವ ನಸುಕಿನ ನಾಲ್ಕಕ್ಕೆ ಏಳತೊಡಗಿದಳು. ಹಿರೇಕೆರೂರಿನ ಒಂದು ಮದುವೆಗೆ ಮೂರು ಸಾವಿರ ಒಣಗಿಸಿದ ಕಟಿ ರೊಟ್ಟಿ ಬೇಕಾಗಿತ್ತು. ಅಷ್ಟು ದೊಡ್ಡ ಕೆಲಸ ಆಗದೆಂದು ಹಿಂದಿನ ವಾರ ಬೇಡ ಎಂದವಳು, ಈಗ ತಾನೇ ಫೋನ್ ಮಾಡಿ ಒಪ್ಪಿಕೊಂಡಳು. ಹಾನಗಲ್ಲಿನ ಒಂದು ಖಾನಾವಳಿಗೂ ದಿನಕ್ಕೆ ನೂರು ಎಂದು ಮಾತಾಯಿತು. ನಾಗವ್ವ ಹಿಟ್ಟು ನಾದಿದರೆ ಅವ್ವ ಬಡಿಯುವಳು, ದಿಲ್ಶಾದ ಬೇಯಿಸುವಳು. ಹಿತ್ತಲಲ್ಲಿ ಟಪಟಪ ಸದ್ದು ಕೇಳಿಯೇ ನಾನು ಏಳುತ್ತಿದ್ದೆ. ಅಪ್ಪ ಬಸ್ ಡ್ರೈವರ್. ಸವಣೂರು, ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರು ಅವನ ಪಾಳಿ. ರೊಟ್ಟಿಯ ಗಂಟುಗಳಿಗೆ ಲಗೇಜ್ ಚೀಟಿ ಹರಿಸಿ ತನ್ನ ಬಸ್ಸಿನಲ್ಲೇ ಒಯ್ಯುತ್ತಿದ್ದ.

ಎರಡನೇ ವಾರ ಅವನ ಧೈರ್ಯ ಕರಗಿತು. ಊಟಕ್ಕೆ ಕೂತಾಗ ಮೆಲ್ಲಗೆ ತೆಗೆದ: "ಮೊದಲ ಹೇಳಿ ಮಂದ್ಯಾಗ ಸೋಲೂದಕ್ಕಿಂತ ಬಿಟ್ಟುಬಿಡೂದು ಚಲೋ ಅಲ್ಲೇನ?"

"ಏನ್ರಿ, ಬಸ್ಸಿನ್ಯಾಗ ಎಲ್ಲಾರಕಿಂತ ಮುಂದ ಕುಂದ್ರಾವ್ರು ನೀವು. ಹಿಂದಿನ ಸೀಟಿನವ ಎಂದಾದ್ರೂ ಬಸ್ಸು ನಡಿಸ್ಯಾನೇನು?"

"ಅದು ಬ್ಯಾರೆ, ಇದು ಬ್ಯಾರೆ."

"ಎರಡೂ ಒಂದ. ಮುಂದ ಕುಂತಾವ ಎಷ್ಟು ಜೋರ್ ಹೋಗಬೇಕಂತ ಠರಾಸ್ತಾನ. ಇನ್ನೊಂಚೂರು ಪಲ್ಯಾ ಹಾಕ್ಕೊಳ್ರಿ."

ಅಪ್ಪ ಪಲ್ಯ ಹಾಕಿಕೊಂಡ.

ಮಧ್ಯಾಹ್ನ ರೊಟ್ಟಿಯ ಕೆಲಸ ಮುಗಿದ ಮೇಲೆ ಅವ್ವ ನನ್ನನ್ನೂ ಆಯಿಯನ್ನೂ ಕೂಡಿಸಿಕೊಂಡು ಏಳೆಲೆ ಆಡುತ್ತಿದ್ದಳು. ತಾನು ಕಂಬದ ಹತ್ತಿರ, ಆಯಿ ಅಡುಗೆಮನೆ ಬಾಗಿಲಲ್ಲಿ. ಆಯಿ ಮೊದಲು ಒಲ್ಲೆ ಎಂದಳು. "ನಾ ಯಾಕ ಆ ಬಾಗಲದಾಗ ಕುಂದ್ರಲಿ?" ಆದರೆ ಮೂರನೇ ದಿನ ಮೂರು ಆಟ ಸಾಲಾಗಿ ಗೆದ್ದು, ಉಡಿಯಲ್ಲಿ ಬೀಜ ತುಂಬಿಕೊಂಡು, ಅತ್ತ ಇತ್ತ ನೋಡಿದಳು.

"ಅಯ್ಯ, ಇಲ್ಲಿ ಕುಂತ್ರ ಎಲ್ಲಾರ ಮಾರಿ ಕಾಣಸ್ತಾವಲ್ಲ. ಐವತ್ತು ವರ್ಷ ನಾನೂ ಆ ನಿನ್ನ ಮಾವನ ಮಗ್ಗಲಕ್ಕ ಕುಂತು ಬೀಜ ಕಳಕೊಂಡೆ."

ಅವ್ವ ಮೊದಲ ವಾರವೆಲ್ಲ ಸೋತಳು. ಮುಂದೆ ಕೂತು ಎರಡು ಬೀಜ ಇಟ್ಟರೆ ಹಿಂದಿನವರು ಖುಷಿಯಿಂದ ನಾಲ್ಕು ಇಡುತ್ತಿದ್ದರು. ಎರಡನೇ ವಾರ ಅವಳು ಬರೀ ಎಲೆ ಕೆಳಗೆ ಹಾಕತೊಡಗಿದಳು, ಹತ್ತು ಆಟಕ್ಕೆ ಎಂಟು ಬಿಡುವಳು. ಆಡಿದ ಎರಡರಲ್ಲಿ ಮಾತ್ರ ಒಮ್ಮೆಗೇ ಬೊಗಸೆ ಬೀಜ ಸುರಿಯುವಳು. ಆಗ ಆಯಿ, ಕಡೆಯ ಜಾಗದಲ್ಲಿ ಕೂತಿದ್ದರೂ, ತನ್ನ ಉಡಿ ನೋಡಿಕೊಂಡು ಎಲೆ ಕೆಳಗೆ ಇಡುತ್ತಿದ್ದಳು.

"ಯಾಕ ಬಿಟ್ರಿ ಅತ್ತಿ? ಎಲ್ಲಾ ಕಾಣಸ್ತಿತ್ತಲ್ರಿ?"

"ಕಂಡರೇನ ಮಾಡ್ಲಿ, ಅಷ್ಟು ಬೀಜ ಬೇಕಲ್ಲ ಇಡಾಕ."

ಅವ್ವ ಎಲೆ ಕೂಡಿಸಿ ನನ್ನ ಕೈಗೆ ಕೊಟ್ಟಳು. ಸಂಜೆ ಜೋಳದ ಡಬ್ಬಿಯೊಳಗೆ ಅವಳು ಒಂದು ಬಟ್ಟೆಯ ಗಂಟು ಇಡುವುದನ್ನು ನೋಡಿದೆ. ಕೇಳಿದ್ದಕ್ಕೆ, "ಓದಕೋ ಹೋಗು," ಎಂದಳು.

ಕಾಕಾ ಆ ನಾಲ್ಕು ವಾರ ಹುಲ್ಲುಕಡ್ಡಿ ಎತ್ತಿ ಇಡಲಿಲ್ಲ. ಶಿಗ್ಗಾವಿಗೆ ಹೋಗಿ ಬರುವುದು, ಸುದೀಪನ ಜೊತೆ ಅಂಗಡಿಗೆ ಹೆಸರು ಹುಡುಕುವುದು, ರಾತ್ರಿ ಊಟಕ್ಕೆ ಕೂತು ನನ್ನನ್ನು ರೇಗಿಸುವುದು. "ನಿಮ್ಮವ್ವ ಎಷ್ಟ ಹೇಳಲಿ ಶ್ವೇತಾ, ನಂದು ಅದಕ್ಕ ಮ್ಯಾಲ ನೂರು. ಇದರಾಗ ತಲಿ ಓಡಸೂದು ಏನೈತಿ?"

"ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಸಬ್ಯಾಡ ಕಾಕಾ," ಎಂದೆ ನಾನು. ಅವನು ನನ್ನ ತಾಟಿನ ಹಪ್ಪಳ ಎತ್ತಿಕೊಂಡು ತಿಂದ.

ಅಮಾವಾಸ್ಯೆ ಬಂತು. ಕಡುಬಿನ ಊಟವಾಯಿತು. ಅಜ್ಜ ಕೀಲಿಯನ್ನು ಚಾಪೆಯ ನಡುವೆ ಇಟ್ಟ. ಅಜ್ಜ, ಆಯಿ, ಅಪ್ಪ ಮೂವರೂ ತಾವು ಮಾತಾಡುವುದಿಲ್ಲ ಎಂದರು. ಉಳಿದವರು ಇಬ್ಬರು. ಕಂಬದ ಹತ್ತಿರ ಅವ್ವ, ಅಡುಗೆಮನೆ ಬಾಗಿಲಲ್ಲಿ ಕಾಕಾ. ಅವನು ಬಾಗಿಲಿಗೆ ಒರಗಿ ಕಾಲು ಚಾಚಿ ಆರಾಮಾಗಿ ಕೂತಿದ್ದ. ಇನ್ನೂ ಯಾರೂ ಒಂದು ಮಾತಾಡಿರಲಿಲ್ಲ, ಅವನ ಮುಖದಲ್ಲಿ ಆಗಲೇ ಅಂಗಡಿಯ ಬೋರ್ಡು ನೇತಾಡುತ್ತಿತ್ತು.

"ಹೇಳ ಸುಧಾ," ಎಂದ ಅಜ್ಜ.

ಅವ್ವ ಸೆರಗಿನೊಳಗಿಂದ ಗಂಟು ತೆಗೆದು ಬಿಚ್ಚಿದಳು. ನೋಟಿನ ಕಟ್ಟು ಕೀಲಿಯ ಪಕ್ಕದಲ್ಲಿ ಇಟ್ಟಳು.

"ತಿಂಗಳಿಗೆ ನಾಲ್ಕೂವರಿ ಸಾವಿರ. ಆರು ತಿಂಗಳದ್ದು ಇಲ್ಲಿ ಇಟ್ಟೇನ್ರಿ."

ಅಪ್ಪ ಬಾಯಿ ತೆರೆದವನು ಮುಚ್ಚಲಿಲ್ಲ. ಉಸ್ಮಾನಸಾಬರು ಕೊಡುತ್ತಿದ್ದದ್ದು ಮೂರು ಸಾವಿರ. ಕಾಕಾ ಕಾಲು ಮಡಿಚಿಕೊಂಡ.

"ಐದು ಸಾವಿರ," ಎಂದ.

ಅಜ್ಜ ಆ ನೋಟಿನ ಕಟ್ಟನ್ನು ನೋಡಿದ, ಕಾಕಾನ ಬರಿಗೈ ನೋಡಿದ.

"ಬೀಜ ಇಡು."

"ಅಪ್ಪಾ, ಸುದೀಪ ಕೊಡ್ತಾನ. ಅಂಗಡಿ ಚಾಲೂ ಆದಮ್ಯಾಲ ತಿಂಗಳಾ ತಿಂಗಳಾ..."

"ಆಕಿ ಆರು ತಿಂಗಳದ್ದು ಇಟ್ಟಾಳ. ನೀನೂ ಆರು ತಿಂಗಳದ್ದು ಇಟ್ಟು ಮಾತಾಡು."

ಕಾಕಾ ಫೋನ್ ಹಚ್ಚಿದ. ಸುದೀಪನ ಮಾತು ನಮಗೆ ಕೇಳಿಸಲಿಲ್ಲ, ಕಾಕಾನ ಹೂಂ ಹೂಂ ಮಾತ್ರ ಕೇಳಿಸಿತು, ಪ್ರತಿ ಹೂಂ ಹಿಂದಿನದಕ್ಕಿಂತ ಸಣ್ಣದು. ಫೋನ್ ಇಟ್ಟು ಅಜ್ಜನ ಕಡೆ ತಿರುಗಿದ. "ಇದೇನು ಹುಣಸಿಬೀಜದ ಆಟ ಏನಪ್ಪಾ? ಮನಿ ವ್ಯವಹಾರ. ಇಲ್ಲಿ ಬೀಜದ ನಿಯಮ ಯಾಕ ಬಂತು?"

ಅಜ್ಜ ತಡೆದ. ಎಷ್ಟೆಂದರೂ ಹೊಟ್ಟೆಯ ಮಗ, ಕಿರಿಯವನು. ಅವನ ಕೈ ಕೀಲಿಯ ಮೇಲೆ ಹೋಗಿ ಅಲ್ಲೇ ನಿಂತಿತು. ಅವ್ವ ಮಾತ್ರ ಕಂಬಕ್ಕೆ ಒರಗದೆ ನೆಟ್ಟಗೆ ಕೂತಿದ್ದಳು, ಒಂದೇ ಒಂದು ಮಾತು ಸೇರಿಸಲಿಲ್ಲ. ಒಬ್ಬೊಬ್ಬರಿಗೆ ಒಂದೇ ಮಾತು, ಅವಳದು ಆಗಿತ್ತು.

ಬಾಯಿ ಬಿಟ್ಟವಳು ಆಯಿ. "ಸಾಲಿನ ನಿಯಮ ಆಟದ್ದಽ ಬೇಕಾಗಿತ್ತು ನಿನಗ. ಬೀಜದ್ದು ಬ್ಯಾಡೇನು? ಉಪ್ಪು ಒಬ್ಬರ ಮನ್ಯಾಂದು, ಖಾರ ಒಬ್ಬರ ಮನ್ಯಾಂದು ತಂದು ಅಡಗಿ ಮಾಡತೀಯೇನು?" ಆಮೇಲೆ ಗಂಡನ ಕಡೆ ತಿರುಗಿದಳು. "ನೀವರ ಹೇಳ್ರಿ. ಪದ್ಧತಿ ಬದಲಾಗಂಗಿಲ್ಲ ಅಂದವ್ರು ಯಾರು?"

"ಮಂದಿ ಏನಂದಾರು ಅಂತಿದ್ದಿ ನೀ," ಎಂದ ಅಜ್ಜ.

"ಮಂದಿ ರೊಟ್ಟಿ ಒಯ್ದಾರು."

ಅಜ್ಜ ಕೀಲಿ ಎತ್ತಿ ಅವ್ವನ ಮುಂದೆ ಇಟ್ಟ. "ತಗೋ. ಮೂರು ವರ್ಷ." ಅವ್ವ ಎರಡೂ ಕೈಯಲ್ಲಿ ಕೀಲಿ ತಗೊಂಡು ಕಣ್ಣಿಗೆ ಒತ್ತಿಕೊಂಡಳು.

ಕಾಕಾ ಹತ್ತು ದಿನ ಅವ್ವನ ಜೊತೆ ಮಾತು ಬಿಟ್ಟ, ಊಟ ಬಿಡಲಿಲ್ಲ. ಶಿಗ್ಗಾವಿಯಲ್ಲೇ ಸುದೀಪನ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ಹನ್ನೊಂದನೇ ದಿನ ದುಡ್ಡು ಕಟ್ಟುವ ಸ್ಕ್ಯಾನರ್ ಚೀಟಿಯೊಂದನ್ನು ತಂದು ರೊಟ್ಟಿ ಅಂಗಡಿಯ ಗೋಡೆಗೆ ಅಂಟಿಸಿ, "ಯಲವಿಗಿ ರೈಲ್ವೆ ಟೇಶನ್ನಿಗೆ ಹೋಗೂ ಮಂದಿ ಚಿಲ್ಲರ ಇಲ್ಲಂತ ತಿರುಗಿ ಹೋಗಬಾರದಲ್ರಿ ವೈನಿ," ಎಂದ. ಅವ್ವ ಅವನಿಗೆ ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಕೊಟ್ಟಳು. ದಿಲ್ಶಾದ ಒಲೆಯ ಮುಂದೆ, ನಾಗವ್ವ ಹಿಟ್ಟಿನ ಮುಂದೆ. ಹಿತ್ತಲ ಶೆಡ್ಡನ್ನು ಯುಗಾದಿಗೆ ಮೊದಲೇ ಬಿಚ್ಚಿದೆವು.

ಮುಂದಿನ ಅಮಾವಾಸ್ಯೆ ಚಾಪೆ ಹಾಸಿದಾಗ ಅಜ್ಜ ಕಂಬದ ಕಡೆ ಹೋಗಲಿಲ್ಲ. ಸೀದಾ ಅಡುಗೆಮನೆ ಬಾಗಿಲಿಗೆ ಹೋಗಿ ಕೂತುಬಿಟ್ಟ.

"ಇವತ್ತಿಂದ ಕಡೀ ಮಾತು ನಂದು. ಬಿಲ್ಲಿ ಸರೀಬೇಕಂದ್ರಲ್ಲ, ಸರೀತು. ಸುಧಾ, ನೀ ಕಂಬಕ್ಕ ಕುಂದ್ರು."

ಅವ್ವ ಹೋಗಿ ಕಂಬಕ್ಕೆ ಕೂತಳು. ಸೆರಗು ಸರಿಮಾಡಿಕೊಂಡು, ಮೆಲ್ಲಗೆ ಹೇಳಿದಳು: "ಕುಂದ್ರಿ ಮಾವಾರ, ಬ್ಯಾಡ ಅನ್ನಂಗಿಲ್ಲ. ಆದ್ರ ಪದ್ಧತಿ ಪದ್ಧತೀನ. ಆ ಜಾಗಾದಾಗ ಕುಂತವ್ರು ಚಾ ತರಬೇಕಲ್ರಿ."

ಅಪ್ಪ ಎಲೆಯ ಹಿಂದೆ ಮುಖ ಮುಚ್ಚಿಕೊಂಡ. ಆಯಿ ಚಾವಣಿ ನೋಡಿದಳು. ನಾನು ಎಲೆ ಹಂಚುವುದನ್ನು ನಿಲ್ಲಿಸಿದೆ. ಅಜ್ಜ ಅವ್ವನ ಮುಖ ನೋಡಿದ, ಬಾಗಿಲು ನೋಡಿದ, ತನ್ನ ಬೀಜದ ಗುಡ್ಡೆ ನೋಡಿದ. ಆಮೇಲೆ ಮೊಣಕಾಲ ಮೇಲೆ ಕೈಯೂರಿ ಎದ್ದ.

ಒಳಗೆ ಡಬ್ಬಿಗಳು ಸಪ್ಪಳ ಮಾಡಿದವು. "ಚಾಪುಡಿ ಎಲ್ಲೈತಿ?" ಎಂದು ಕೇಳಿದ. ಅವ್ವ ಕೂತಲ್ಲಿಂದಲೇ ಹೇಳಿದಳು, ಏಳಲಿಲ್ಲ. ಬಹಳ ಹೊತ್ತಿನ ಮೇಲೆ ಎಪ್ಪತ್ತೆರಡು ವರ್ಷದ ಅಜ್ಜಪ್ಪ ಐದು ಬಟ್ಟಲಿನ ತಾಟು ಹಿಡಿದು, ಅರ್ಧ ತಾಟಿಗೇ ಚೆಲ್ಲಿಕೊಂಡು, ಒಂದೊಂದೇ ಹೆಜ್ಜೆ ಇಟ್ಟು ಬಂದ. ಮೊದಲ ಬಟ್ಟಲು ಕಂಬದ ಹತ್ತಿರ ಇಟ್ಟ. ಸಾಲಿನಲ್ಲಿ ಮೊದಲು ಕೂತವಳು ಅವ್ವ.

ತನ್ನ ಜಾಗದಲ್ಲಿ ಕೂತು ಎಲೆ ಎತ್ತಿಕೊಂಡ. "ಹೂಂ ಸುಧಾ. ಈಗ ಹೇಳು ನಿನ್ನ ಮಾತು."

ಅವ್ವ ಒಂದು ಗುಟುಕು ಕುಡಿದಳು. ಅಜ್ಜ ಚಹಾಕ್ಕೆ ಸಕ್ಕರೆ ಹಾಕುವುದನ್ನು ಮರೆತಿದ್ದ. ಅವಳು ಬಟ್ಟಲು ಪೂರ್ತಿ ಮುಗಿಸಿ, ಕೆಳಗಿಟ್ಟು, ಆರು ಬೀಜ ಮುಂದೆ ಸರಿಸಿದಳು.